ಹೊಸ ಅಕ್ಕಿ, ಹಳೆಯ ನಂಟು

ಕುಶಾಲನಗರದಿಂದ ಸಿದ್ದಾಪುರದ ಹಾದಿ ಹಿಡಿದು ಹೊರಟ ಪ್ರಯಾಣಿಕನಿಗೆ ಕಾವೇರಿಯನ್ನು ದಾಟುವ ಮುನ್ನ ಸಿಗುವ ಊರು ನೆಲ್ಯಹುದಿಕೇರಿ. ಸುತ್ತಲೂ ಕಾಫಿಯ ತೋಟ. ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿ. ತಗ್ಗಿನಲ್ಲಿ ಬತ್ತದ ಗದ್ದೆ. ಕೊಡಗಿನ ಮೂಲ ನಿವಾಸಿಗಳ ಜೊತೆಗೆ ಕೇರಳದಿಂದಲೂ ತಮಿಳು ನಾಡಿನಿಂದಲೂ ತೋಟದ ದುಡಿಮೆಗೆಂದು ಬಂದು ಇಲ್ಲಿಯೇ ಬೇರೂರಿದವರು ಬಹು ಮಂದಿ. ಪೇಟೆಯ ಬೀದಿಯಲ್ಲಿ ಅರೆಗಳಿಗೆ ನಿಂತು ಕಿವಿಗೊಟ್ಟರೆ ಕನ್ನಡ, ಕೊಡವ, ಮಲಯಾಳ, ತಮಿಳು ಎಲ್ಲವೂ ಕೇಳಿಬರುತ್ತವೆ. ಸೇತುವೆಯನ್ನು ದಾಟಿದರೆ ಸಿದ್ದಾಪುರ. ಅದೇ ಹಾದಿಯಲ್ಲಿ ಇನ್ನೂ ಸುಮಾರು 20 ಕಿಲೋಮೀಟರು ನಡೆದರೆ ವಿರಾಜಪೇಟೆ. ಅಲ್ಲಿ 1792ರಲ್ಲಿ ಸ್ಥಾಪನೆಯಾದ ಸಂತ ಅನ್ನಮ್ಮನವರ ಇಗರ್ಜಿ ನಿಂತಿದೆ.

ಈ ಹಾದಿಯ ಎರಡು ಹಬ್ಬಗಳನ್ನು ವಾಚಕರು ಒಮ್ಮೆ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ನವೆಂಬರ್ ಕೊನೆಗೋ ಡಿಸೆಂಬರ್ ತಿಂಗಳಲ್ಲೋ ಹುಣ್ಣಿಮೆಯ ಸುಮಾರಿಗೆ ಕೊಡವರ ಮನೆಗಳಲ್ಲಿ ಹುತ್ತರಿ ನಡೆಯುತ್ತದೆ. ಒಕ್ಕದವರೆಲ್ಲರೂ ಐನ್‌ಮನೆಯಲ್ಲಿ ಸೇರುತ್ತಾರೆ. ದೀಪವನ್ನು ಬೆಳಗಿ, ಇರುಳಿನಲ್ಲಿ ಗದ್ದೆಗೆ ಹೋಗಿ, ಹೊಸ ತೆನೆಯನ್ನು ಕೊಯ್ದು ತಂದು, ಹೊಸ ಅಕ್ಕಿಯನ್ನು ಪಾಯಸಕ್ಕೆ ಬೆರೆಸಿ ಉಣ್ಣುತ್ತಾರೆ. ಇನ್ನೊಂದು, ಸೆಪ್ಟೆಂಬರ್ 8ರಂದು ಕೊಂಕಣಿ ಮಾತನಾಡುವ ಕ್ಯಾಥೊಲಿಕರು ಆಚರಿಸುವ ಮೊಂತಿ ಫೆಸ್ತ್. ಕನ್ಯಾಮರಿಯಮ್ಮನವರ ಜನ್ಮದಿನವೆಂದು ಮಕ್ಕಳು ಹೂವನ್ನು ಅರ್ಪಿಸುತ್ತಾರೆ. ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಹಂಚುತ್ತಾರೆ. ಮನೆಯ ಹಿರಿಯರು ಆ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಆ ದಿನ ಬಾಳೆಯೆಲೆಯ ಮೇಲೆ ಮೀನುಮಾಂಸವಿಲ್ಲದ ಊಟ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕೆಂಬ ಕಟ್ಟಲೆ.

ದೇವರು ಬೇರೆ, ಮಂತ್ರ ಬೇರೆ, ಪಂಚಾಂಗ ಬೇರೆ. ಆದರೆ ಪಾಯಸ ಒಂದೇ. ಅದನ್ನು ಹಂಚುವ ಹಿರಿಯನ ಕೈ ಒಂದೇ. ಮನೆಯವರೆಲ್ಲರೂ ಕೂಡಿಯೇ ಉಣ್ಣಬೇಕೆಂಬ ಹಟವೂ ಒಂದೇ. ಇದು ಹೇಗಾಯಿತು? ಒಂದು ಮತವು ಇನ್ನೊಂದರಿಂದ ಕಡ ತಂದುಕೊಂಡಿತೆ? ಮತವನ್ನು ಬದಲಿಸಿದವರು ಬಿಡಲಾರದೆ ಉಳಿಸಿಕೊಂಡ ಹಳೆಯ ತುಣುಕೆ? ಅಥವಾ ಎರಡಕ್ಕೂ ಕೆಳಗೆ ಮೂರನೆಯದೊಂದು ತಳಹದಿ ಇದೆಯೆ? ಈ ಪ್ರಶ್ನೆಯ ಬೆನ್ನು ಹತ್ತಿ ಆಯುಷ್ಯವನ್ನು ಸವೆಸಿದ ವಿದ್ವಾಂಸರ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಅದರ ಎರಡು ಮುಖ್ಯ ಘಟ್ಟಗಳು ನಮ್ಮ ನಾಡಿನಲ್ಲಿಯೇ ನಡೆದುವು ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ತೆನೆಯು ಹೇಳುವ ಸಾಕ್ಷ್ಯ

ಮೊದಲು ಇತಿಹಾಸ. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಕೊಡಗಿನ ಗದ್ದೆಗಳನ್ನು ನೋಡಿದವರಿಗೆ ಒಂದು ವಿಷಯ ಹೊಳೆಯದೆ ಇರದು. ಆಗ ಇಲ್ಲಿ ಪೈರು ಇನ್ನೂ ಹಚ್ಚಹಸುರಾಗಿರುತ್ತದೆ. ಕೊಯ್ಲಿಗೆ ಎರಡು ಮೂರು ತಿಂಗಳಾದರೂ ಇರುತ್ತವೆ. ಹೊಸ ತೆನೆಯ ಹಬ್ಬವು ಆ ದಿನಕ್ಕೆ ಸರಿಹೊಂದುವುದು ಘಟ್ಟದ ಕೆಳಗೆ, ಮಳೆಗಾಲದ ಮೊದಲ ಬೆಳೆಯು ಬೇಗನೆ ತೆನೆಗಟ್ಟುವ ಕರಾವಳಿಯಲ್ಲಿ. ಹಬ್ಬವನ್ನು ಹೊತ್ತು ತಂದವರು ತಮ್ಮ ಹಳೆಯ ಊರಿನ ಬೇಸಾಯದ ಲೆಕ್ಕವನ್ನೂ ಜೊತೆಯಲ್ಲಿ ಹೊತ್ತು ತಂದರು.

ಅವರು ಬಂದ ದಾರಿ ಸುಲಭದ್ದಲ್ಲ. ಗೋವೆಯಲ್ಲಿ 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಕ್ರೈಸ್ತರಾದ ಕುಟುಂಬಗಳು, 1560ರಲ್ಲಿ ಅಲ್ಲಿ ನೆಲೆಗೊಂಡ ಮತವಿಚಾರಣೆಯ ನ್ಯಾಯಾಸ್ಥಾನದ ಅಂಜಿಕೆಯಿಂದಲೂ ಕ್ಷಾಮ ಮತ್ತು ಯುದ್ಧಗಳ ಹಾವಳಿಯಿಂದಲೂ ಮುಂದಿನ ಎರಡು ಶತಮಾನಗಳ ಉದ್ದಕ್ಕೂ ತಂಡತಂಡವಾಗಿ ಕನ್ನಡ ಕರಾವಳಿಗೆ ಇಳಿದುವು. ಕೆಳದಿಯ ಅರಸರು ಬೇಸಾಯಗಾರರಾದ ಅವರಿಗೆ ನೆಲೆ ಕೊಟ್ಟರು. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ, ಟಿಪ್ಪುಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಬಹು ಮಂದಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು. ತಪ್ಪಿಸಿಕೊಂಡವರಲ್ಲಿ ಕೆಲವರು ಕೊಡಗನ್ನು ಸೇರಿದರು. ಅಲ್ಲಿನ ಲಿಂಗಾಯತ ಅರಸನಾದ ದೊಡ್ಡವೀರರಾಜೇಂದ್ರನು ತಾನು ಹೊಸದಾಗಿ ಕಟ್ಟಿಸಿದ ವಿರಾಜಪೇಟೆಯಲ್ಲಿ ಅವರಿಗೆ ಭೂಮಿಯನ್ನೂ ಇಗರ್ಜಿಗೆ ಜಾಗವನ್ನೂ ಕೊಟ್ಟನು.

ಹೀಗೆ ಕೊಂಕಣಿ ಮಾತು, ರೋಮಿನ ಪೂಜಾವಿಧಿ, ಕರಾವಳಿಯ ಹಬ್ಬ, ಕೊಡಗಿನ ಅರಸನ ಅನ್ನ ಇವು ಒಂದೇ ಮನೆಯ ಜಗಲಿಗೆ ಬಂದು ಕೂತವು. ಇದನ್ನು ಬಿಡಿಸಿ ನೋಡುವುದು ಹೇಗೆ?

ದೊಡ್ಡಸ್ವಾಮಿಯವರು

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಒಬ್ಬ ಫ್ರೆಂಚ್ ಪಾದ್ರಿ ಬಂದರು. ಅವರ ಹೆಸರು ಜ್ಯಾಂ ಅಂತ್ವಾನ್ ದ್ಯುಬ್ವಾ. ಇಂಗ್ಲಿಷರ ಬಾಯಲ್ಲಿ ಆಬೆ ಡುಬಾಯ್. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ದೀಕ್ಷೆ ಪಡೆದ ವರ್ಷವೇ ಅವರು ಭಾರತಕ್ಕೆ ಹಡಗು ಹತ್ತಿದ್ದರು. ಇಲ್ಲಿ ಅವರು ದೇಶೀಯರ ಉಡುಪನ್ನು ತೊಟ್ಟು, ದೇಶೀಯರ ಆಹಾರವನ್ನು ಉಂಡು, ದೇಶೀಯರ ನಡುವೆಯೇ ಬಾಳಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕುವ ಪದ್ಧತಿಯು ಇನ್ನೂ ಹೊಸದಾಗಿದ್ದಾಗ ಸಾವಿರಾರು ಜನರನ್ನು ಅದಕ್ಕೆ ಒಪ್ಪಿಸಿದರು. ಜನರು ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಮಠದ ಹಿರಿಯರಿಗೆ ಸಲ್ಲುವ ಹೆಸರು ಇಗರ್ಜಿಯ ಪಾದ್ರಿಗೆ ಸಂದಿತು!

ದ್ಯುಬ್ವಾ ಅವರು ಹಿಂದೂಗಳ ನಡೆನುಡಿ, ಮದುವೆ, ಮರಣ, ಜಾತಿಕಟ್ಟಳೆ, ವ್ರತ, ಹಬ್ಬಗಳನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರು ಅದನ್ನು ಮೆಚ್ಚಿ ಶಿಫಾರಸು ಮಾಡಿದರು. ಮದರಾಸಿನ ಸರಕಾರವು 1807ರಲ್ಲಿ ಹಸ್ತಪ್ರತಿಯನ್ನು 2000 ವರಹಗಳಿಗೆ ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಅಚ್ಚಾಯಿತು. ಮಾನವಶಾಸ್ತ್ರವೆಂಬ ವಿದ್ಯೆಯು ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಹುಟ್ಟದಿದ್ದ ಕಾಲವದು.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಬೇಕು. ಆ ಗ್ರಂಥವೆಲ್ಲವೂ ದ್ಯುಬ್ವಾ ಅವರ ಸ್ವಂತ ನೋಟದಿಂದ ಬಂದುದಲ್ಲ. ಅವರಿಗಿಂತ ಹಿಂದೆ ದಕ್ಷಿಣದಲ್ಲಿ ದುಡಿದ ಜೆಸುಯಿಟ್ ಪಾದ್ರಿ ಕೂರ್ದೂ ಎಂಬವರ ಬರಹವನ್ನು ಅದು ಬಹುಮಟ್ಟಿಗೆ ಆಧರಿಸಿದೆ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಅವರು 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ಕಂಡದ್ದಾವುದು, ಕೇಳಿದ್ದಾವುದು, ಓದಿ ಬರೆದದ್ದಾವುದು ಎಂಬ ವಿವೇಚನೆಯೇ ಮಾನವಶಾಸ್ತ್ರದ ಮೊದಲ ಪಾಠ. ದ್ಯುಬ್ವಾ ಅವರ ಗ್ರಂಥವು ಆ ಪಾಠವನ್ನು ತನ್ನ ಕೊರತೆಯಿಂದ ಕಲಿಸುತ್ತದೆ.

1823ರಲ್ಲಿ ಅವರು ಭಾರತವನ್ನು ಬಿಟ್ಟು ಹೊರಟರು. ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ ನಿರಾಶೆಯ ಧ್ವನಿ ಸ್ಪಷ್ಟವಾಗಿದೆ. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದೇ ಅವರು ತೀರ್ಮಾನಿಸಿದ್ದರು. ಆಡಂಬರವುಳ್ಳ ಕ್ಯಾಥೊಲಿಕ್ ಪೂಜಾವಿಧಿಯು ಇಲ್ಲಿನ ಜನರ ಸ್ವಭಾವಕ್ಕೆ ಹತ್ತಿರವೆಂಬುದನ್ನು ಅವರು ಕಂಡಿದ್ದರು. ಆದರೆ ಕ್ರೈಸ್ತರ ಮೆರವಣಿಗೆಯಲ್ಲಿ ಪಂಜು, ಹೂಮಾಲೆ, ತಮ್ಮಟೆ, ಕಹಳೆಗಳು ಹಿಂದೂ ಉತ್ಸವದಂತೆಯೇ ಮೆರೆಯುವುದನ್ನು ಕಂಡು ಅವರ ಮನಸ್ಸು ಮುದುಡುತ್ತಿತ್ತು. ಬೆರೆತ ಬಾಳು ಅವರ ಕಣ್ಣಿಗೆ ಬಿತ್ತು. ಆದರೆ ಪಾದ್ರಿಯ ಕಣ್ಣಿಗೆ ಅದು ಅರೆಬೆಂದ ಅಡಿಗೆಯಂತೆ ತೋರಿತು. ಅದು ತನಗೆ ತಾನೇ ಪೂರ್ಣವಾದ ಪಾಕವಿರಬಹುದು ಎಂಬ ಯೋಚನೆಗೆ ಇನ್ನೊಂದು ಶತಮಾನ ಕಾಯಬೇಕಾಯಿತು.

ಮೈಸೂರಿನಿಂದ ಕೊಡಗಿಗೆ

1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂಬಯಿಯಲ್ಲಿ ಪ್ರಸಿದ್ಧ ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆಯವರ ಶಿಷ್ಯರಾದರು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತ ಅವರ ಮೊದಲ ಪುಸ್ತಕವು 1942ರಲ್ಲಿ ಬಂದಿತು. ಆ ಸುಮಾರಿನಲ್ಲಿಯೇ ಅವರು ಕೊಡವರ ಜೀವನವನ್ನು ಅಭ್ಯಸಿಸಲು ಕೊಡಗಿಗೆ ಬಂದರು. ಸಂಗ್ರಹಿಸಿದ ಸಾಮಗ್ರಿಯನ್ನು ಕಟ್ಟಿಕೊಂಡು 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿನ ಗುರುಗಳಾದ ರ್‍ಯಾಡ್‌ಕ್ಲಿಫ್ ಬ್ರೌನರು ಅದೇ ಸಾಮಗ್ರಿಯನ್ನು ಹೊಸ ಕಣ್ಣಿನಿಂದ ನೋಡುವಂತೆ ಪ್ರೇರಿಸಿದರು. ಫಲವಾಗಿ 1952ರಲ್ಲಿ ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಹೆಸರಾಂತ ಗ್ರಂಥವು ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು.

ಶ್ರೀನಿವಾಸರು ಕ್ಯಾಥೊಲಿಕರನ್ನು ಅಭ್ಯಸಿಸಲು ಹೊರಟವರಲ್ಲ. ಆದರೆ ಬೆರೆತ ಬಾಳನ್ನು ಬಿಡಿಸಿ ನೋಡುವ ಉಪಕರಣವೊಂದನ್ನು ಕೊಡಗಿನಲ್ಲಿ ಅವರು ಹದಗೊಳಿಸಿದರು. ಅದನ್ನು ತಿಳಿಯಲು ಕೊಡವರ ‘ಮಂಗಲ’ವೆಂಬ ಸಂಸ್ಕಾರವನ್ನು ನೋಡಬೇಕು. ಮದುವೆಯಲ್ಲಿ ವರನನ್ನಾಗಲಿ ವಧುವನ್ನಾಗಲಿ ಮುಕ್ಕಾಲಿಯ ಮೇಲೆ ಮೂಡಣಕ್ಕೆ ಮುಖಮಾಡಿ ಕೂರಿಸುತ್ತಾರೆ. ಮುಂದೆ ದೀಪ. ನಂಟರು ಒಬ್ಬೊಬ್ಬರಾಗಿ ಬಂದು, ಅಕ್ಕಿಯನ್ನು ತಳಿದು, ಕಿಂಡಿಯಿಂದ ಹಾಲು ಕುಡಿಸಿ, ಕಾಣಿಕೆಯ ನಾಣ್ಯವನ್ನು ಕೊಟ್ಟು ಹರಸುತ್ತಾರೆ. ಈ ಮುಖ್ಯ ಭಾಗಕ್ಕೆ ‘ಮೂರ್ತ’ವೆಂದು ಹೆಸರು. ಸ್ವಾರಸ್ಯವೇನೆಂದರೆ ಮಂಗಲವು ಮದುವೆಗೆ ಮಾತ್ರ ಮೀಸಲಾಗಿರಲಿಲ್ಲ. ಹುಲಿಯನ್ನು ಕೊಂದ ವೀರನಿಗೂ ಹಿಂದೆ ‘ನರಿಮಂಗಲ’ವು ನಡೆಯುತ್ತಿತ್ತು; ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಅಂಥದೇ ಗೌರವವು ಸಲ್ಲುತ್ತಿತ್ತು.

ಒಂದೇ ಕ್ರಿಯೆಯು ಬೇರೆ ಬೇರೆ ಸಂದರ್ಭಗಳಲ್ಲಿ ಮರಳಿ ಬಂದರೆ ಅದರ ಅರ್ಥವನ್ನು ಆ ಸಂದರ್ಭಗಳಿಗೆ ಸಾಮಾನ್ಯವಾದ ಅಂಶದಲ್ಲಿ ಹುಡುಕಬೇಕು ಎಂಬುದು ರ್‍ಯಾಡ್‌ಕ್ಲಿಫ್ ಬ್ರೌನರ ಸೂತ್ರ. ಬೀಜಗಣಿತದಲ್ಲಿ ಹಲವು ಸಮೀಕರಣಗಳಲ್ಲಿ ಬರುವ ಒಂದೇ ಅಕ್ಷರದ ಬೆಲೆಯನ್ನು ಕಂಡುಹಿಡಿಯುವಂತೆಯೇ ಇದು. ಮದುಮಗಳಿಗೂ ಹುಲಿ ಕೊಂದವನಿಗೂ ಹೆತ್ತ ತಾಯಿಗೂ ಸಾಮಾನ್ಯವಾದುದು ಏನು? ಮೂವರೂ ಸಮಾಜದಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುತ್ತಿದ್ದಾರೆ. ಮೂರ್ತವು ಆ ಏರುವಿಕೆಗೆ ಊರು ಒತ್ತುವ ಮುದ್ರೆ. ಸಂಸ್ಕಾರಗಳಿಗೂ ವ್ಯಾಕರಣವಿದೆ, ಅದನ್ನು ಆಚರಿಸುವವರು ಮಾತನಾಡುವವರಂತೆ ಸೂತ್ರವನ್ನು ಅರಿಯದೆಯೂ ತಪ್ಪಿಲ್ಲದೆ ಬಳಸುತ್ತಾರೆ.

ಶ್ರೀನಿವಾಸರ ಇನ್ನೊಂದು ಕಾಣಿಕೆ ಇದಕ್ಕಿಂತ ಮುಖ್ಯವಾದುದು. ಹಿಂದೂಧರ್ಮವೆಂಬುದೇ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ವಸ್ತುವಲ್ಲವೆಂಬುದನ್ನು ಅವರು ತೋರಿಸಿಕೊಟ್ಟರು. ಭಾರತಕ್ಕೆಲ್ಲ ಹರಡಿದ ಆಚಾರಗಳು ಕೆಲವು. ದಕ್ಷಿಣ ದೇಶಕ್ಕೆ ಸೀಮಿತವಾದುವು ಕೆಲವು. ಒಂದು ಪ್ರಾಂತಕ್ಕೋ ಒಂದು ಊರಿಗೋ ಸೇರಿದುವು ಮತ್ತೆ ಕೆಲವು. ತಲಕಾವೇರಿಯ ತೀರ್ಥಸ್ನಾನಕ್ಕೆ ಹೋಗುವ ಕೊಡವನು ಮನೆಗೆ ಮರಳಿ ತನ್ನ ಒಕ್ಕದ ಮೂಲಪುರುಷನಿಗೆ ಮದ್ಯಮಾಂಸಗಳ ಎಡೆಯನ್ನಿಡುತ್ತಾನೆ. ಪುರಾಣದ ಕಾವೇರಿಯೂ ಐನ್‌ಮನೆಯ ಗುರುಕಾರಣನೂ ಒಂದೇ ಮನಸ್ಸಿನಲ್ಲಿ ಜಗಳವಾಡದೆ ಇರುತ್ತಾರೆ. ಕೆಳಗಿನ ಜಾತಿಗಳು ಮೇಲಿನವರ ಆಚಾರವನ್ನು ಕೈಕೊಂಡು ಏರಲು ಯತ್ನಿಸುವ ಕ್ರಮವನ್ನು ಅವರು ‘ಸಂಸ್ಕೃತೀಕರಣ’ವೆಂದು ಕರೆದರು, ಆ ಮಾತು ಈಗ ಜಗತ್ತಿನ ಸಮಾಜಶಾಸ್ತ್ರದ ಕೋಶಗಳಲ್ಲೆಲ್ಲ ನೆಲೆಸಿದೆ.

ಇದರಿಂದ ನಮ್ಮ ಪ್ರಶ್ನೆಯ ರೂಪವೇ ಬದಲಾಯಿತು. ಶುದ್ಧವಾದ ಹಿಂದೂ ಆಚಾರ ಒಂದು ಕಡೆ, ಶುದ್ಧವಾದ ಕ್ರೈಸ್ತ ಆಚಾರ ಇನ್ನೊಂದು ಕಡೆ, ನಡುವೆ ಇವೆರಡರ ಬೆರಕೆ ಎಂದು ಎಣಿಸುವುದು ತಪ್ಪು. ಬೆರೆತದ್ದು ಕ್ರೈಸ್ತರ ಬಾಳೊಂದೇ ಅಲ್ಲ; ಐನ್‌ಮನೆಯ ಬಾಳೂ ಪದರಪದರವಾಗಿ ಬೆರೆತದ್ದೇ.

ತೆಂಗಿನ ಹಾಲಿನ ಸಂಸ್ಕಾರ

ಈ ಉಪಕರಣವನ್ನು ಹಿಡಿದು ಕ್ಯಾಥೊಲಿಕರ ಮದುವೆಯ ಮನೆಗೆ ಬರೋಣ. ದಕ್ಷಿಣ ಕನ್ನಡದ ಕ್ರೈಸ್ತರ ಮದುವೆಯ ಪದ್ಧತಿಗಳನ್ನು ಕುರಿತು ಇಬ್ಬರು ಪಾದ್ರಿ ವಿದ್ವಾಂಸರು 1965ರಲ್ಲಿ ಏಷ್ಯದ ಜಾನಪದಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದರು. ಒಬ್ಬರು ಕರಾವಳಿಯ ಕ್ರೈಸ್ತರ ಚರಿತ್ರೆಯನ್ನು ಬರೆದ ಸೆವೆರಿನ್ ಸಿಲ್ವ. ಇನ್ನೊಬ್ಬರು ಆಸ್ಟ್ರಿಯದಲ್ಲಿ 1908ರಲ್ಲಿ ಹುಟ್ಟಿ, ತಮ್ಮ ಜೀವಮಾನದ ಬಹುಭಾಗವನ್ನು ಭಾರತದಲ್ಲಿ ಕಳೆದ ಜನಾಂಗಶಾಸ್ತ್ರಜ್ಞ ಸ್ಟೀಫನ್ ಫುಕ್ಸ್. ಮಧ್ಯಭಾರತದ ಬಲಾಹಿಗಳನ್ನೂ ಗೊಂಡರನ್ನೂ ಅಭ್ಯಸಿಸಿ ಗ್ರಂಥಗಳನ್ನು ಬರೆದಿದ್ದ ಫುಕ್ಸರು ಮುಂಬಯಿಯಲ್ಲಿ ಭಾರತೀಯ ಸಂಸ್ಕೃತಿಯ ಅಧ್ಯಯನಕ್ಕಾಗಿ ಸಂಸ್ಥೆಯೊಂದನ್ನು ಕಟ್ಟಿದವರು. ದ್ಯುಬ್ವಾ ಅವರ ಮನಸ್ಸನ್ನು ಮುದುಡಿಸಿದ್ದ ವಿಷಯವನ್ನೇ ಅವರಂತೆ ಪಾದ್ರಿಗಳಾದ ಇವರು ಅಕ್ಕರೆಯಿಂದ ದಾಖಲೆ ಮಾಡಿಕೊಂಡರು. ನೂರಾ ನಲವತ್ತು ವರ್ಷಗಳಲ್ಲಿ ನೋಟವು ಎಷ್ಟು ಬದಲಾಗಿತ್ತು!

ಮದುವೆಯ ಹಿಂದಿನ ಸಂಜೆ ವಧುವಿನ ಮನೆಯಲ್ಲಿಯೂ ವರನ ಮನೆಯಲ್ಲಿಯೂ ‘ರೋಸ್’ ಎಂಬ ಸಂಸ್ಕಾರವು ನಡೆಯುತ್ತದೆ. ರೋಸ್ ಎಂದರೆ ತೆಂಗಿನಕಾಯಿಯ ಹಾಲು. ಪ್ರಾರ್ಥನೆಯಾದ ಬಳಿಕ ಮದುಮಗಳನ್ನು ಕೂರಿಸಿ, ತಂದೆತಾಯಿಗಳು ಮೊದಲಾಗಿ ಹಿರಿಯರು, ನಂಟರು, ಗೆಳತಿಯರು ಕ್ರಮವಾಗಿ ಬಂದು ಎಣ್ಣೆಯನ್ನೂ ತೆಂಗಿನ ಹಾಲನ್ನೂ ತಲೆಗೆ, ತೋಳಿಗೆ, ಕಾಲಿಗೆ ಹಚ್ಚುತ್ತಾರೆ, ಎಣ್ಣೆಯಿಂದ ಹಣೆಯ ಮೇಲೆ ಶಿಲುಬೆಯ ಗುರುತನ್ನು ಮಾಡುತ್ತಾರೆ, ಕಾಣಿಕೆ ಕೊಡುತ್ತಾರೆ. ಹೆಂಗಸರು ‘ವೊವಿಯೊ’ ಎಂಬ ಹಾಡುಗಳನ್ನು ಹಾಡುತ್ತಾರೆ. ಮರಾಠಿಯ ‘ಓವಿ’ಯೂ ಈ ಮಾತೂ ಒಂದೇ ಬೇರಿನವು.

ಈಗ ಕೊಡವರ ಮೂರ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅಲ್ಲಿ ಮುಕ್ಕಾಲಿಯ ಮೇಲೆ ಕುಳಿತವಳು ಇಲ್ಲಿಯೂ ಕುಳಿತಿದ್ದಾಳೆ. ನಂಟರು ಇಲ್ಲಿಯೂ ಸಾಲಾಗಿ ಬರುತ್ತಾರೆ. ಅಲ್ಲಿ ಹಸುವಿನ ಹಾಲು, ಇಲ್ಲಿ ತೆಂಗಿನ ಹಾಲು. ಅಲ್ಲಿ ದೀಪ, ಇಲ್ಲಿ ಶಿಲುಬೆ. ಶಬ್ದಗಳು ಬದಲಾಗಿವೆ, ವಾಕ್ಯದ ಕಟ್ಟು ಬದಲಾಗಿಲ್ಲ. ಕೊಡವರಿಂದ ಕೊಂಕಣಿ ಕ್ರೈಸ್ತರು ಇದನ್ನು ಕಲಿತರೆಂದು ಹೇಳುವಂತಿಲ್ಲ. ಅವರಿಂದ ಇವರು ಕಲಿತರೆಂದೂ ಅಲ್ಲ. ಇವೆರಡೂ ದಕ್ಷಿಣ ಮತ್ತು ಪಶ್ಚಿಮ ಭಾರತದ ಮನೆಮನೆಗಳಲ್ಲಿ ನಡೆಯುವ ಅರಿಸಿನ, ಎಣ್ಣೆ, ಹಾಲು, ಅಕ್ಕಿಗಳ ಶಾಸ್ತ್ರದ ಕುಟುಂಬಕ್ಕೆ ಸೇರಿದುವು. ಮದುವೆಯನ್ನು ದೇವರ ಮುಂದೆ ನಡೆಸುವುದು ಇಗರ್ಜಿಯ ಕೆಲಸ. ಮಗಳು ಮಗಳಾಗಿದ್ದ ಮನೆಯಿಂದ ಹೊರಡುತ್ತಾಳೆ ಎಂಬುದನ್ನು ನಂಟರು ಕೈಮುಟ್ಟಿ ಒಪ್ಪಿಕೊಳ್ಳುವುದು ಮನೆಯ ಕೆಲಸ. ಲತೀನಿನ ಮಂತ್ರವು ಮೊದಲನೆಯದನ್ನು ಪೂರೈಸಿತು. ಎರಡನೆಯದಕ್ಕೆ ಅದರಲ್ಲಿ ಮಾತುಗಳಿರಲಿಲ್ಲ. ಆದುದರಿಂದ ತೆಂಗಿನ ಹಾಲು ಉಳಿಯಿತು.

ನಿಷೇಧದ ಪಟ್ಟಿ

ಇದು ಸುಲಭವಾಗಿ ಉಳಿಯಿತೆಂದು ಭಾವಿಸಬಾರದು. ಮಧುರೆಯಲ್ಲಿ 1606ರಿಂದ ಕೆಲಸ ಮಾಡಿದ ಇಟಲಿಯ ಪಾದ್ರಿ ರೊಬೆರ್ತೊ ದೆ ನೊಬಿಲಿಯವರು ಸಂನ್ಯಾಸಿಯ ಉಡುಗೆಯನ್ನು ತೊಟ್ಟು, ಜುಟ್ಟು ಜನಿವಾರಗಳನ್ನು ಲೋಕಾಚಾರವೆಂದು ಎಣಿಸಿ ಕ್ರೈಸ್ತರಿಗೆ ಬಿಟ್ಟುಕೊಟ್ಟಾಗ ಎದ್ದ ವಿವಾದವು ರೋಮಿನವರೆಗೆ ಹೋಯಿತು. 1623ರಲ್ಲಿ ಪೋಪರು ಅದಕ್ಕೆ ಒಪ್ಪಿದರು. ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ 1704ರಲ್ಲಿ ಇಂಥ ಹಲವು ಆಚಾರಗಳನ್ನು ನಿಷೇಧಿಸಿದರು. 1744ರ ಆಜ್ಞೆಯು ನಿಷೇಧವನ್ನು ಬಿಗಿಗೊಳಿಸಿತು. ಪಾದ್ರಿಗಳು ಈ ನಿಷೇಧಕ್ಕೆ ಬದ್ಧರಾಗಿರುವುದಾಗಿ ಪ್ರಮಾಣ ಮಾಡಬೇಕಾಗಿದ್ದ ಕಟ್ಟಳೆಯು ರದ್ದಾದುದು 1940ರಲ್ಲಿ!

ಗೋವೆಯಲ್ಲಿ ಕಟ್ಟು ಇನ್ನೂ ಬಿಗಿಯಾಗಿತ್ತು. 1736ರಲ್ಲಿ ಅಲ್ಲಿನ ಮತವಿಚಾರಣೆಯ ನ್ಯಾಯಾಸ್ಥಾನವು ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರು ಮಾಡಬಾರದ ಕೆಲಸಗಳ ಉದ್ದನೆಯ ಪಟ್ಟಿಯಿದೆ. ಮದುವೆಗೆ ಮುನ್ನ ಅರಿಸಿನ, ಎಣ್ಣೆ, ತೆಂಗಿನ ಹಾಲುಗಳನ್ನು ಮೈಗೆ ಹಚ್ಚಬಾರದು. ಮದುವೆಯ ಹಾಡುಗಳನ್ನು ಹಾಡಬಾರದು. ವೀಳ್ಯ ಹೂವುಗಳನ್ನು ಶಾಸ್ತ್ರದಂತೆ ಕಳುಹಿಸಬಾರದು. ಮನೆಯಲ್ಲಿ ತುಲಸಿಯನ್ನು ಬೆಳೆಸಬಾರದು. ಗಂಡಸರು ಧೋತ್ರವನ್ನೂ ಹೆಂಗಸರು ಕುಪ್ಪಸವನ್ನೂ ತೊಡಬಾರದು!

ದಕ್ಷಿಣ ಗೋವೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಯಾಥೊಲಿಕರ ಜೀವನವನ್ನು ಅಭ್ಯಸಿಸಿ 1998ರಲ್ಲಿ ಗ್ರಂಥವನ್ನು ಪ್ರಕಟಿಸಿದ ಭಾರತೀಯ ವಿದುಷಿ ರೊವೆನಾ ರಾಬಿನ್ಸನ್ ಅವರ ಕೈಯಲ್ಲಿ ಇಂಥ ನಿಷೇಧಗಳೇ ಸಂಶೋಧನೆಯ ಸಾಮಗ್ರಿಯಾದುವು. ನಡೆಯದೆ ಇರುವ ಕೆಲಸವನ್ನು ಯಾವ ಸರಕಾರವೂ ನಿಷೇಧಿಸುವುದಿಲ್ಲ. ಮತಾಂತರವಾಗಿ ಎರಡು ಶತಮಾನಗಳಾದ ಮೇಲೂ ಮನೆಯೊಳಗೆ ಏನೇನು ನಡೆಯುತ್ತಿತ್ತು ಎಂಬುದಕ್ಕೆ ಅದನ್ನು ಅಳಿಸಲು ಹೊರಟವರೇ ಬರೆದಿಟ್ಟ ಪಟ್ಟಿಗಿಂತ ಒಳ್ಳೆಯ ಸಾಕ್ಷ್ಯ ಬೇರೆ ಯಾವುದಿದೆ? ಗೋವೆಯನ್ನು ಬಿಟ್ಟು ಕನ್ನಡ ಕರಾವಳಿಗೆ ಬಂದವರು ತೆಂಗಿನ ಹಾಲನ್ನು ಬಿಡಲಿಲ್ಲ. ಅದು ಇಂದಿಗೂ ಮದುಮಗಳ ತೋಳಿನ ಮೇಲೆ ಹರಿಯುತ್ತಿದೆ.

ಉಳಿದದ್ದೆಲ್ಲವೂ ಒಳ್ಳೆಯದೆ?

ಇಲ್ಲಿ ಓದುಗರ ಮನಸ್ಸು ಸಹಜವಾಗಿ ಅರಳಬಹುದು. ಆದರೆ ವಿಜ್ಞಾನವು ತನಗೆ ಪ್ರಿಯವಾದುದನ್ನು ಮಾತ್ರ ಆರಿಸಿ ಎತ್ತಿಕೊಳ್ಳುವಂತಿಲ್ಲ. ಹಳೆಯ ಬಾಳಿನಿಂದ ಪಾಯಸ ಮತ್ತು ಹಾಡುಗಳು ಹೇಗೆ ಉಳಿದುವೋ ಹಾಗೆಯೇ ಜಾತಿಯೂ ಉಳಿಯಿತು. ಕರಾವಳಿಯ ಕ್ಯಾಥೊಲಿಕರಲ್ಲಿ ಬಾಮಣ, ಚಾರೊಡಿ ಮೊದಲಾದ ವರ್ಗಭೇದಗಳು ಮದುವೆಯ ಮಾತಿನಲ್ಲಿ ಬಹುಕಾಲ ಮುಂದುವರಿದುವು. ಮಧುರೆಯ ವಿವಾದದ ಒಳತಿರುಳೂ ಇದೇ ಆಗಿತ್ತು: ಮೇಲುಜಾತಿಯವರು ಹೊರನಡೆಯದಿರಲೆಂದು ಕೆಳಜಾತಿಯ ಕ್ರೈಸ್ತರನ್ನು ಪ್ರತ್ಯೇಕವಾಗಿಟ್ಟುದು ನ್ಯಾಯವೆ? 1704ರ ನಿಷೇಧಗಳಲ್ಲಿ ಕೆಲವು ಈ ಅನ್ಯಾಯದ ವಿರುದ್ಧವೇ ಇದ್ದುವು ಎಂಬುದನ್ನು ಮರೆಯಬಾರದು. ತುಲಸಿಯನ್ನು ಕಿತ್ತುಹಾಕೆಂದು ಹೇಳುವ ಆಜ್ಞೆ ನಮಗೆ ಕ್ರೂರವಾಗಿ ತೋರುತ್ತದೆ; ರೋಗಿಯಾದ ಪರೆಯನ ಗುಡಿಸಲಿಗೂ ಪಾದ್ರಿ ಹೋಗಲೇಬೇಕೆನ್ನುವ ಆಜ್ಞೆ ಉದಾರವಾಗಿ ತೋರುತ್ತದೆ. ಎರಡೂ ಹೊರಟದ್ದು ಪರಂಪರೆಯನ್ನು ಮುರಿಯಬೇಕೆಂಬ ಒಂದೇ ಹಟದಿಂದ.

ಆದುದರಿಂದ ಬೆರೆತ ಸಂಸ್ಕೃತಿಯನ್ನು ಸೌಹಾರ್ದವೆಂದು ಹೊಗಳಿ ಮುಗಿಸುವುದೂ ಕಲಬೆರಕೆಯೆಂದು ತೆಗಳಿ ಮುಗಿಸುವುದೂ ಮಾನವಶಾಸ್ತ್ರದ ಕೆಲಸವಲ್ಲ. ಯಾವುದು ಉಳಿಯಿತು, ಏಕೆ ಉಳಿಯಿತು, ಅದರಿಂದ ಯಾರಿಗೆ ಏನು ದೊರೆಯಿತು, ಯಾರು ಏನನ್ನು ಕಳೆದುಕೊಂಡರು ಎಂದು ಒಂದೊಂದನ್ನೂ ಬಿಡಿಸಿ ಕೇಳುವುದು ಅದರ ಕೆಲಸ.

ಬೂದಿಯಿಂದ ಎದ್ದ ಊರು

ಶ್ರೀನಿವಾಸರ ಜೀವನದ ಒಂದು ಘಟನೆಯನ್ನು ಹೇಳದೆ ಈ ಲೇಖನವನ್ನು ಮುಗಿಸಲಾಗದು. ಕೊಡಗಿನ ಬಳಿಕ ಅವರು 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ನೆಲೆಸಿ, ಅದನ್ನು ‘ರಾಂಪುರ’ವೆಂಬ ಹೆಸರಿನಿಂದ ತಮ್ಮ ಬರಹಗಳಲ್ಲಿ ಪ್ರಸಿದ್ಧಿಗೆ ತಂದರು. ಬಡೋದೆ, ದೆಹಲಿಗಳಲ್ಲಿ ಸಮಾಜಶಾಸ್ತ್ರದ ವಿಭಾಗಗಳನ್ನು ಕಟ್ಟಿದರು. 1970ರ ಏಪ್ರಿಲ್ 24ರಂದು, ಅವರು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ, ಅವರ ಕೊಠಡಿಯಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಸುಮಾರು 20 ವರ್ಷ ಕಾಪಾಡಿ, ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುವು. ಅವರು ನೆನಪಿನಿಂದಲೇ ಆ ಊರನ್ನು ಮತ್ತೆ ಬರೆಯಲು ಕುಳಿತರು. 1976ರಲ್ಲಿ ಬಂದ ಆ ಪುಸ್ತಕವು ಅವರ ಎಲ್ಲ ಕೃತಿಗಳಲ್ಲಿ ಹೆಚ್ಚು ಪ್ರೀತಿಯಿಂದ ಓದಲ್ಪಟ್ಟಿತು. 1999ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಕಾಗದವು ಸುಟ್ಟರೂ ಬದುಕಿ ಕಂಡದ್ದು ಉಳಿಯಿತು. ಆದರೆ ಎಲ್ಲರಿಗೂ ಎಲ್ಲ ಊರುಗಳಿಗೂ ಅಂಥ ನೆನಪು ದೊರೆಯುವುದಿಲ್ಲ. 2018ರಲ್ಲಿಯೂ 2019ರಲ್ಲಿಯೂ ಕೊಡಗಿನಲ್ಲಿ ಮಳೆ ಮಿತಿಮೀರಿತು. 2019ರ ಆಗಸ್ಟಿನಲ್ಲಿ ಕಾವೇರಿಯು ಉಕ್ಕಿ ನೆಲ್ಯಹುದಿಕೇರಿಯ ಹೊಳೆದಡದ ಮನೆಗಳನ್ನು ಕೆಡವಿದಾಗ ಬಹು ಕುಟುಂಬಗಳು ನೆಲೆ ತಪ್ಪಿದುವು. ಗೋಡೆಯನ್ನು ಮತ್ತೆ ಕಟ್ಟಬಹುದು; ಆ ಗೋಡೆಯೊಳಗೆ ಯಾರು ಮೊದಲು ದೀಪ ಹಚ್ಚುತ್ತಿದ್ದರು, ಹೊಸ ಅಕ್ಕಿಯನ್ನು ಯಾವ ಪಾತ್ರೆಯಲ್ಲಿ ಬೇಯಿಸುತ್ತಿದ್ದರು ಎಂಬುದನ್ನು ಯಾವ ಪರಿಹಾರದ ಪಟ್ಟಿಯೂ ಬರೆದುಕೊಳ್ಳುವುದಿಲ್ಲ. ಮೇಲಾಗಿ, ಮನೆಯಂಗಳದಲ್ಲಿ ನಡೆಯುತ್ತಿದ್ದ ಮದುವೆಗಳು ಈಗ ಮಂಟಪಗಳಿಗೂ ಸಭಾಗೃಹಗಳಿಗೂ ಹೋಗಿವೆ. ವೊವಿಯೊ ಬಲ್ಲ ಅಜ್ಜಿಯರು ಕಡಮೆಯಾಗುತ್ತಿದ್ದಾರೆ.

ಈ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ತಮ್ಮ ಮನೆಯ ಹಿರಿಯರ ಬಳಿ ಒಂದು ಸಂಜೆ ಕುಳಿತು, ಹಬ್ಬದ ದಿನ ಮೊದಲು ಏನು, ಬಳಿಕ ಏನು, ಯಾರ ಕೈಯಿಂದ, ಯಾವ ಪಾತ್ರೆಯಲ್ಲಿ ಎಂದು ಕೇಳಿ ಬರೆದಿಟ್ಟುಕೊಳ್ಳುವ ಯಾವ ಓದುಗನಾದರೂ ದ್ಯುಬ್ವಾ ಅವರಿಗೂ ಶ್ರೀನಿವಾಸರಿಗೂ ಸಹೋದ್ಯೋಗಿಯೇ. ನೆರೆಮನೆಯ ಹಬ್ಬದ ದಿನವೂ ಅದೇ ಪ್ರಶ್ನೆಗಳನ್ನು ಕೇಳಿದರೆ ಇನ್ನೂ ಒಳ್ಳೆಯದು. ಸೇತುವೆಯ ಈಚೆಯ ಪಾಯಸಕ್ಕೂ ಆಚೆಯ ಪಾಯಸಕ್ಕೂ ಬಿದ್ದ ಅಕ್ಕಿ ಒಂದೇ ಹೊಳೆಯ ನೀರನ್ನು ಕುಡಿದು ಬೆಳೆದದ್ದು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.